ಗಣಿತ ಬೋಧನೆಯಲ್ಲಿ ಗಣಕಯಂತ್ರದ ಸ್ಥಾನ

ಗಣಿತವೆಂದರೆ ಕಬ್ಬಿಣದ ಕಡಲೆಯೆಂಬುದು ನಮ್ಮಲ್ಲಿ ಮನೆಮಾತಾಗಿದೆ. ಕಡಲೆಯು ಎಲ್ಲರಿಗೂ ಪ್ರಿಯವಾದ ಪದಾರ್ಥ. ಅದು ಕಬ್ಬಿಣವಾದುದು ಯಾವಾಗ, ಯಾರಿಂದ ಎಂಬುದನ್ನು ಮಾತ್ರ ನಾವು ವಿಚಾರಿಸುವುದಿಲ್ಲ. ನಮ್ಮ ಕಲಾವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳನ್ನು ಅಭ್ಯಸಿಸುತ್ತಿರುವ ಮಿತ್ರರಲ್ಲಿ ಆ ಶಾಸ್ತ್ರಗಳ ಮೇಲಿನ ಒಲವಿನಿಂದ ಬಂದವರು ಕೆಲವರಾದರೆ, ಹತ್ತನೆಯ ತರಗತಿಯ ಗಣಿತಕ್ಕೆ ಅಂಜಿ ಇತ್ತ ತಿರುಗಿದವರು ಹಲವರು. ಇದು ಯಾರನ್ನೂ ಹೀಗಳೆಯುವ ಮಾತಲ್ಲ. ಸಂತೆಯಲ್ಲಿ ತೊಗರಿಯ ತೂಕ, ಧಾರಣೆ, ಹಮಾಲಿ, ದಲಾಲಿಗಳನ್ನು ಬಾಯಿಯಲ್ಲಿಯೇ ಕೂಡಿ ಕಳೆದು ಹೇಳುವ ಹುಡುಗನು ಶಾಲೆಯಲ್ಲಿ ಗಣಿತಕ್ಕೆ ನಪಾಸಾಗುವನೆಂದರೆ, ದೋಷವು ಹುಡುಗನ ತಲೆಯಲ್ಲಿಲ್ಲ; ಕಲಿಸುವ ಬಗೆಯಲ್ಲಿದೆ ಎಂದೇ ಹೇಳಬೇಕಾಗುತ್ತದೆ.

ಗಣಿತದ ತರಗತಿಯಲ್ಲಿಯೇ, ಗಣಿತದ ಮಾಸ್ತರರ ಕೈಯಲ್ಲಿಯೇ, ಗಣಕಯಂತ್ರವು ಕಲಿಕೆಯ ಸಾಧನವಾಗಿ ಬರಬೇಕು. ಮಕ್ಕಳು ಅದಕ್ಕೆ ತಾವೇ ಪ್ರೋಗ್ರಾಮು ಬರೆಯುತ್ತ ಗಣಿತವನ್ನು ಕಲಿಯಬೇಕು ಎಂಬುದು ನನ್ನ ಅಭಿಪ್ರಾಯ. ಬಿ.ಎ. ಓದುವವನಿಗೆ ಈ ಉಸಾಬರಿ ಏಕೆಂದು ಯಾರಾದರೂ ಕೇಳಬಹುದು. ಪ್ರೋಗ್ರಾಮೆಂದರೆ ಮೂಲತಃ ಭಾಷೆಯ ಕೆಲಸ. ಹೇಳಿದಷ್ಟನ್ನೇ ಮಾಡುವ ಒಬ್ಬ ಆಳನ್ನು ಊಹಿಸಿಕೊಳ್ಳಿರಿ. ಕಟ್ಟಿಗೆ ತಾ ಎಂದರೆ ತರುವನು. ಎಷ್ಟು ಹೊರೆ, ಎಲ್ಲಿಂದ, ಯಾವಾಗ ನಿಲ್ಲಿಸಬೇಕು ಎಂಬುದನ್ನು ಹೇಳದಿದ್ದರೆ ಊರ ಕಟ್ಟಿಗೆಯನ್ನೆಲ್ಲ ತಂದು ಅಂಗಳದಲ್ಲಿ ಒಟ್ಟುವನು. ಗಣಕಯಂತ್ರವು ಇಂಥ ಆಳು. ಅದಕ್ಕೆ ಅಪ್ಪಣೆ ಕೊಡಬೇಕಾದರೆ ಅಪ್ಪಣೆ ಕೊಡುವವನ ತಲೆಯಲ್ಲಿ ಕೆಲಸದ ಪ್ರತಿಯೊಂದು ಮೆಟ್ಟಿಲೂ ಸ್ಪಷ್ಟವಾಗಿರಬೇಕು. ಆ ಸ್ಪಷ್ಟತೆಯೇ ಗಣಿತವಲ್ಲದೆ ಬೇರೇನು?

ಈ ವಿದ್ಯೆಯು ನಮಗೆ ಪರಕೀಯವೆಂದು ಭಾವಿಸಬೇಕಾಗಿಲ್ಲ. ನಮ್ಮ ಯಾದಗಿರಿಗೆ ಸಮೀಪದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಕ್ರಿ.ಶ. 850ರ ಸುಮಾರಿಗೆ ನೃಪತುಂಗನ ಆಳ್ವಿಕೆಯಲ್ಲಿ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಹೂವಿನ ಹಾರದಂತೆ ಎರಡೂ ಕಡೆಯಿಂದ ಒಂದೇ ಬಗೆಯಾಗಿ ಕಾಣುವ ಗುಣಲಬ್ಧಗಳನ್ನು ಆತನು ಅದರಲ್ಲಿ ಕೊಟ್ಟಿದ್ದಾನೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ ಸಾಲು. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು. ಗಣಿತವನ್ನು ಕನ್ನಡದಲ್ಲಿ ಹೇಳಲು ಬಾರದೆಂಬ ವಾದಕ್ಕೆ ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಉತ್ತರ ದೊರೆತಿದೆ. ಇಂದು ಒಬ್ಬ ಹುಡುಗಿಯು ಐದಾರು ಸಾಲಿನ ಪ್ರೋಗ್ರಾಮು ಬರೆದು, ಇಂಥ ಹಾರಗಳು ಇನ್ನೆಷ್ಟಿವೆಯೆಂದು ತಾನೇ ಹುಡುಕಬಲ್ಲಳು. ಮಹಾವೀರನ ಹೆಸರನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುವುದಕ್ಕಿಂತ ಇದು ಆತನಿಗೆ ಸಲ್ಲಿಸುವ ಹೆಚ್ಚಿನ ಗೌರವವಲ್ಲವೆ?

ಹೊರಜಗತ್ತಿನಲ್ಲಿ ಈ ವಿಚಾರಕ್ಕೆ ಅರುವತ್ತು ವರ್ಷಗಳಾಗಿವೆ. 1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಗಣಿತಾಧ್ಯಾಪಕರಾದ ಕೆಮನಿ ಮತ್ತು ಕರ್ಟ್ಜ್ ಎಂಬವರು ‘ಬೇಸಿಕ್’ ಎಂಬ ಸುಲಭ ಭಾಷೆಯನ್ನು ನಿರ್ಮಿಸಿದರು. ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಯಂತ್ರವನ್ನು ಬಳಸುವಂತಾಗಲಿ ಎಂಬುದೇ ಅವರ ಉದ್ದೇಶವಾಗಿತ್ತು ಎಂಬುದನ್ನು ನಾವು ಕಲಾವಿದ್ಯಾರ್ಥಿಗಳು ಗಮನಿಸತಕ್ಕದ್ದು. 1967ರಲ್ಲಿ ಸೇಮೂರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗಾಗಿಯೇ ‘ಲೋಗೊ’ ಎಂಬ ಭಾಷೆಯನ್ನು ಮಾಡಿದರು. ನಮ್ಮ ದೇಶದಲ್ಲಿ 1984ರಲ್ಲಿ ‘ಕ್ಲಾಸ್’ ಎಂಬ ಯೋಜನೆಯಿಂದ ಆಯ್ದ ಶಾಲೆಗಳಿಗೆ ಬಿ.ಬಿ.ಸಿ. ಮೈಕ್ರೋ ಎಂಬ ಯಂತ್ರಗಳು ಬಂದವು. ಕರ್ನಾಟಕದಲ್ಲಿ ‘ಮಾಹಿತಿ ಸಿಂಧು’ ಯೋಜನೆಯು ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳನ್ನು ತಂದಿತು. ಮುಂದೆ ರಾಜ್ಯದ ಗಣಿತದ ಉಪಾಧ್ಯಾಯರಿಗೆ ‘ಜಿಯೋಜಿಬ್ರಾ’ ಎಂಬ ಸಾಧನದಲ್ಲಿ ತರಬೇತಿಗಳೂ ನಡೆದವು. ತ್ರಿಕೋನದ ಒಂದು ಮೂಲೆಯನ್ನು ಎಳೆದರೆ ಮಿಕ್ಕ ಕೋನಗಳು ಹೇಗೆ ಬದಲಾಗುವುವೆಂಬುದನ್ನು ಅದು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಾಧ್ಯಮಿಕ ಹಂತದಲ್ಲಿಯೇ ಮಕ್ಕಳಿಗೆ ಕೋಡಿಂಗ್ ಪರಿಚಯವಾಗಲಿ ಎಂದಿತು.

ಇಷ್ಟೆಲ್ಲ ಆಗಿಯೂ ಫಲವು ನಿರೀಕ್ಷೆಯಷ್ಟು ಏಕೆ ಬಂದಿಲ್ಲ? ಗಣಕಯಂತ್ರವನ್ನು ಒಂದು ಪ್ರತ್ಯೇಕ ವಿಷಯವನ್ನಾಗಿ ಮಾಡಿ ಪ್ರತ್ಯೇಕ ಕೋಣೆಯಲ್ಲಿ ಕೂಡಿಹಾಕಿದುದೇ ಕಾರಣವೆಂದು ನನಗೆ ತೋರುತ್ತದೆ. ನಮ್ಮ ಕಡೆಯ ಒಂದು ಪ್ರೌಢಶಾಲೆಯಲ್ಲಿ ಯಂತ್ರಗಳಿದ್ದ ಕೋಣೆಗೆ ವರ್ಷದ ಬಹುಭಾಗ ಬೀಗವಿರುತ್ತಿತ್ತು. ಬಾಗಿಲು ತೆರೆದ ದಿನ ಇದು ಪರದೆ, ಇದು ಕೀಲಿಮಣೆ, ಇದು ಮೌಸ್ ಎಂದು ಹೆಸರು ಹೇಳಿಸಿ ಹೊರಗೆ ಕಳುಹಿಸುತ್ತಿದ್ದರು. ನೇಗಿಲಿನ ಭಾಗಗಳ ಹೆಸರು ಕಲಿತವನು ಒಕ್ಕಲಿಗನಾಗುವನೆ? ಹೊಲಕ್ಕೆ ಹೋಗದ ನೇಗಿಲು ಹೇಗೆ ತುಕ್ಕು ಹಿಡಿಯುವುದೋ, ಪಾಠಕ್ಕೆ ಬಾರದ ಯಂತ್ರವೂ ಹಾಗೆಯೇ ಧೂಳು ತಿನ್ನುವುದು.

ಪಾಠಕ್ಕೆ ಬಂದರೆ ಏನಾಗಬಹುದೆಂಬುದಕ್ಕೆ ಮೂರು ಉದಾಹರಣೆಗಳನ್ನು ಕೊಡುತ್ತೇನೆ.

ಮೊದಲನೆಯದು ರೇಖಾಗಣಿತದ್ದು. ‘ಲೋಗೊ’ ಭಾಷೆಯಲ್ಲಿ ಪರದೆಯ ಮೇಲೆ ಒಂದು ಆಮೆಯಿರುತ್ತದೆ. ಮುಂದೆ ನೂರು ಹೆಜ್ಜೆ ಹೋಗು, ಬಲಕ್ಕೆ ತೊಂಬತ್ತು ಅಂಶ ತಿರುಗು, ಹೀಗೆ ನಾಲ್ಕು ಸಲ ಮಾಡು ಎಂದರೆ ಅದು ಚೌಕವನ್ನು ಬರೆಯುತ್ತದೆ. ಈಗ ಸಮಬಾಹು ತ್ರಿಕೋನವನ್ನು ಬರೆಯಿಸಿರಿ. ಮಕ್ಕಳು ಪುಸ್ತಕದಲ್ಲಿ ಓದಿದಂತೆ ಅರುವತ್ತು ಅಂಶ ತಿರುಗೆನ್ನುವರು; ಆಮೆಯು ಮೂರು ಸಲ ನಡೆದರೂ ಹೊರಟಲ್ಲಿಗೆ ಬಾರದು. ಆಗ ತರಗತಿಯಲ್ಲಿ ಗದ್ದಲವೇಳುತ್ತದೆ. ಆ ಗದ್ದಲವೇ ಕಲಿಕೆ. ಅರುವತ್ತು ಒಳಗಿನ ಕೋನ. ಆದರೆ ನಡೆಯುವವನು ತಿರುಗಬೇಕಾದುದು ಹೊರಗಿನ ಕೋನ, ಅಂದರೆ ನೂರಿಪ್ಪತ್ತು. ಮೂರು ಸಲ ನೂರಿಪ್ಪತ್ತು, ನಾಲ್ಕು ಸಲ ತೊಂಬತ್ತು, ಆರು ಸಲ ಅರುವತ್ತು, ಎಲ್ಲವೂ ಮುನ್ನೂರರುವತ್ತೇ. ಬಾಹ್ಯಕೋನಗಳ ಮೊತ್ತದ ಪ್ರಮೇಯವನ್ನು ಮಗುವು ತನ್ನ ಸ್ವಂತ ಶೋಧವೆಂಬಂತೆ ಕಂಡುಕೊಳ್ಳುತ್ತದೆ. ಯಂತ್ರವಿಲ್ಲದ ಶಾಲೆಯಲ್ಲಿ ಒಬ್ಬ ಹುಡುಗನನ್ನು ಆಮೆಯನ್ನಾಗಿ ಮಾಡಿ ಅಂಗಳದಲ್ಲಿ ನಡೆಸಿದರೂ ಸಾಕು. ನಮ್ಮ ತಾಯಂದಿರು ಬೆಳಗಾಗೆದ್ದು ಹಾಕುವ ಚುಕ್ಕಿ ರಂಗೋಲಿಯೂ ಇದೇ ಜಾತಿಯದು. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿಯವರೂ ಅವರ ಸಂಗಡಿಗರೂ 1970ರ ದಶಕದಲ್ಲಿ ತಮಿಳುನಾಡಿನ ಕೋಲಗಳಿಗೆ, ಅಂದರೆ ರಂಗೋಲಿಗಳಿಗೆ, ಗಣಕಶಾಸ್ತ್ರದ ರೀತಿಯಲ್ಲಿ ವ್ಯಾಕರಣವನ್ನೇ ಬರೆದರು. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಪ್ರಾಚೀನರು ಬಂಡೆಗಳನ್ನು ಸಾಲುಸಾಲಾಗಿ ಇಟ್ಟಿರುವುದನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು 19ನೆಯ ಶತಮಾನದಲ್ಲಿಯೇ ಅದರ ವಿಷಯ ಬರೆದನು. ಒಂದು ಸಾಲಿನಲ್ಲಿ ಇಷ್ಟು ಕಲ್ಲಿಡು, ಅಂಥ ಸಾಲುಗಳನ್ನು ಇಷ್ಟು ಮಾಡು ಎಂಬುದು ಪುನರಾವೃತ್ತಿಯೊಳಗಿನ ಪುನರಾವೃತ್ತಿ. ಗುಣಾಕಾರವೆಂಬುದೂ ಅದೇ.

ಎರಡನೆಯದು ಬಡ್ಡಿಯ ಲೆಕ್ಕ. ಬಿತ್ತನೆಯ ಕಾಲಕ್ಕೆ ಸಾಲ ತಾರದ ಮನೆಗಳು ನಮ್ಮ ತಾಲ್ಲೂಕುಗಳಲ್ಲಿ ಕಡಮೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯೆಂದರೆ ಕಿವಿಗೆ ಹಗುರವಾಗಿ ಕೇಳಿಸುತ್ತದೆ. ಮಗುವು ಹೀಗೆ ಬರೆಯಲಿ: ಸಾಲವು 10,000 ಎಂದಿಟ್ಟುಕೊ, ತಿಂಗಳು ಒಂದರಿಂದ ಇಪ್ಪತ್ತನಾಲ್ಕರವರೆಗೆ, ಸಾಲದ ನೂರರಲ್ಲಿ ಮೂರು ಪಾಲನ್ನು ಸಾಲಕ್ಕೆ ಕೂಡಿಸು, ಬಂದುದನ್ನು ತೋರಿಸು. ಮೊದಲ ತಿಂಗಳು 10,300. ಎರಡನೆಯ ತಿಂಗಳು 10,609. ಹನ್ನೆರಡನೆಯ ತಿಂಗಳಿಗೆ 14,258. ಇಪ್ಪತ್ತನಾಲ್ಕನೆಯ ತಿಂಗಳಿಗೆ 20,328. ಬಡ್ಡಿಯು ಅಸಲಿಗೆ ಸೇರುತ್ತ ಹೋದರೆ ಎರಡು ವರ್ಷಗಳಲ್ಲಿ ಸಾಲವು ಇಮ್ಮಡಿಯನ್ನು ಮೀರುತ್ತದೆ. ಸರಳಬಡ್ಡಿಯಾದರೆ 17,200ಕ್ಕೆ ನಿಲ್ಲುತ್ತದೆ. ಚಕ್ರಬಡ್ಡಿಯ ಸೂತ್ರವನ್ನು ಉರುಹೊಡೆದು ಹತ್ತು ಅಂಕ ಪಡೆದವನು ಪರೀಕ್ಷೆಯ ಮರುದಿನ ಅದನ್ನು ಮರೆಯಬಹುದು. ಈ ಅಂಕಿಗಳು ತಿಂಗಳು ತಿಂಗಳಿಗೆ ಏರುವುದನ್ನು ಕಣ್ಣಾರೆ ಕಂಡವನು ಮರೆಯಲಾರನು. ಅಂಥವನು ತಂದೆಯು ಹೆಬ್ಬೆಟ್ಟೊತ್ತುವ ಮೊದಲು ಕಾಗದವನ್ನು ಕೇಳಿ ನೋಡುವನು.

ಮೂರನೆಯದು ಸಂಖ್ಯೆಗಳ ಆಟ. ಮಹಾರಾಷ್ಟ್ರದ ದೇವಲಾಲಿಯಲ್ಲಿ ಶಾಲಾಮಾಸ್ತರರಾಗಿದ್ದ ದ. ರಾ. ಕಪ್ರೇಕರರು 1949ರಲ್ಲಿ ಒಂದು ಸೋಜಿಗವನ್ನು ತಿಳಿಸಿದರು. ಎಲ್ಲವೂ ಒಂದೇ ಅಂಕಿಯಲ್ಲದ ನಾಲ್ಕಂಕಿಯ ಯಾವುದೇ ಸಂಖ್ಯೆಯನ್ನು ತೆಗೆದುಕೊಳ್ಳಿರಿ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದುದನ್ನು ಕಳೆಯಿರಿ. ಬಂದ ಸಂಖ್ಯೆಗೂ ಹಾಗೆಯೇ ಮಾಡಿರಿ. ನಮ್ಮ ಜಿಲ್ಲೆಯು ಅಸ್ತಿತ್ವಕ್ಕೆ ಬಂದ 2010ನ್ನೇ ತೆಗೆದುಕೊಳ್ಳೋಣ. 2100ರಲ್ಲಿ 0012 ಕಳೆದರೆ 2088. 8820ರಲ್ಲಿ 0288 ಕಳೆದರೆ 8532. 8532ರಲ್ಲಿ 2358 ಕಳೆದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174ನ್ನು ಬಿಟ್ಟು ಕದಲದು. ಯಾವ ಸಂಖ್ಯೆಯಿಂದ ಹೊರಟರೂ ಏಳು ಹೆಜ್ಜೆಗಳೊಳಗೆ ಇಲ್ಲಿಗೇ ಬರಬೇಕು. ಇದು ನಿಜವೇ ಎಂದು ಎಲ್ಲ ಸಂಖ್ಯೆಗಳನ್ನೂ ಪರೀಕ್ಷಿಸಲು ಕೈಬರೆಹದಲ್ಲಿ ತಿಂಗಳುಗಳು ಬೇಕು. ಯಂತ್ರಕ್ಕೆ ಕ್ಷಣವೂ ಬೇಡ. ಕಪ್ರೇಕರರು ದೊಡ್ಡ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿರಲಿಲ್ಲ. ಸಾಮಾನ್ಯ ಶಾಲೆಯ ಮಾಸ್ತರರಾಗಿದ್ದರು ಎಂಬುದನ್ನು ನಮ್ಮ ಹಳ್ಳಿಯ ಮಕ್ಕಳಿಗೆ ಅವಶ್ಯವಾಗಿ ಹೇಳಬೇಕು.

ಇನ್ನೊಂದು ಪ್ರಯೋಜನವಿದೆ, ಅದೇ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು. ನಮ್ಮಲ್ಲಿ ಬಹುಮಂದಿ ತಮ್ಮ ಮನೆತನದಲ್ಲಿ ಮೊದಲ ಸಲ ಕಾಲೇಜಿನ ಮೆಟ್ಟಿಲು ಹತ್ತಿದವರು, ನಾನೂ ಅವರಲ್ಲೊಬ್ಬ. ಓದಿದವರ ಮನೆಯಲ್ಲಿ ಮಗುವು ಲೆಕ್ಕ ಮಾಡಿ ತಂದೆಗೋ ಅಕ್ಕನಿಗೋ ತೋರಿಸುತ್ತದೆ, ಅಲ್ಲಿಯೇ ತಿದ್ದಿಸಿಕೊಳ್ಳುತ್ತದೆ. ನಮ್ಮ ಮನೆಗಳಲ್ಲಿ ಅವ್ವನು ಪಾಟಿಯನ್ನು ನೋಡಿ ಸಂತೋಷಪಡುವಳು; ಸರಿಯೋ ತಪ್ಪೋ ಹೇಳಲಾರಳು. ಐವತ್ತು ಮಕ್ಕಳ ತರಗತಿಯಲ್ಲಿ ಮಾಸ್ತರರಾದರೂ ಎಷ್ಟು ಮಂದಿಯ ಪಾಟಿಯನ್ನು ನೋಡಿಯಾರು? ತಪ್ಪು ಲೆಕ್ಕವು ತಪ್ಪಾಗಿಯೇ ತಲೆಯಲ್ಲಿ ಬೇರುಬಿಡುತ್ತದೆ. ಯಂತ್ರವಾದರೋ ಒಡನೆಯೇ ಉತ್ತರ ಕೊಡುತ್ತದೆ. ಅದು ಬೈಯದು, ನಗದು, ಜಾತಿ ಕೇಳದು, ಹತ್ತನೆಯ ಸಲ ಕೇಳಿದರೂ ಬೇಸರಿಸದು. ಅಪ್ಪ ಅವ್ವರೊಡನೆ ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗಿ ಬಂದು, ನಡುವಣ ಪಾಠಗಳನ್ನು ಕಳೆದುಕೊಂಡ ಮಗುವಿಗೆ ಇಂಥ ತಾಳ್ಮೆಯ ಜೊತೆಗಾರನು ಬೇಕು. ಇದೆಲ್ಲ ಮನೆಯ ಮೊಬೈಲಿನಲ್ಲಿ ಆಗುವುದಿಲ್ಲವೇ ಎನ್ನಬಹುದು. ಹೆಣ್ಣುಮಕ್ಕಳ ಕೈಗೆ ಮೊಬೈಲು ಕೊಡಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆದುದರಿಂದ ಶಾಲೆಯೇ ಅದಕ್ಕೆ ತಕ್ಕ ಸ್ಥಳ.

ಆಕ್ಷೇಪಗಳಿಲ್ಲದಿಲ್ಲ. ಮಕ್ಕಳ ಮೆದುಳು ಸೋಮಾರಿಯಾಗುವುದು, ಮಗ್ಗಿ ಮರೆತುಹೋಗುವುದು ಎಂದು ಹಿರಿಯರು ಹೇಳುತ್ತಾರೆ. ಉತ್ತರವನ್ನು ಮಾತ್ರ ಯಂತ್ರದಿಂದ ಪಡೆಯುವುದಾದರೆ ಈ ಮಾತು ಪೂರ್ಣ ಸತ್ಯ. ಆದರೆ ಗುಂಡಿಯೊತ್ತಿ ಉತ್ತರ ಪಡೆಯುವುದೇ ಬೇರೆ, ಉತ್ತರಕ್ಕೆ ಹೋಗುವ ದಾರಿಯನ್ನು ಯಂತ್ರಕ್ಕೆ ಹೇಳಿಕೊಡುವುದೇ ಬೇರೆ. ಕಲಿಸುವವನಿಗೆ ಕಲಿಯುವವನಿಗಿಂತ ಹೆಚ್ಚು ತಿಳಿದಿರಬೇಕೆಂಬುದು ನಮ್ಮ ಅಧ್ಯಾಪಕರೆಲ್ಲರೂ ಬಲ್ಲ ವಿಷಯ. ಮಗ್ಗಿಯೂ ಇರಲಿ, ಬಾಯಿಲೆಕ್ಕವೂ ಇರಲಿ. ಬೆಂಗಳೂರಿನ ಶಕುಂತಲಾ ದೇವಿಯವರು 1977ರಲ್ಲಿ 201 ಅಂಕಿಗಳ ಸಂಖ್ಯೆಯ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿ ಅಂದಿನ ಗಣಕಯಂತ್ರವನ್ನೇ ಹಿಂದೆ ಹಾಕಿದರು. ಅಂಥ ಶಕ್ತಿಗೆ ನಮಸ್ಕಾರ. ಆದರೆ ಸಾಮಾನ್ಯರಾದ ನಮಗೆ ಬೇಕಾದುದು ವೇಗವಲ್ಲ, ತಿಳಿವು.

ಯಂತ್ರವು ಹೇಳಿದುದೆಲ್ಲ ವೇದವಾಕ್ಯವೆಂದು ಮಕ್ಕಳು ನಂಬಿಯಾರು ಎಂಬುದು ಎರಡನೆಯ ಆಕ್ಷೇಪ. ಇದರಲ್ಲಿ ಹುರುಳಿದೆ. ಆದರೆ ಈ ರೋಗಕ್ಕೆ ಮದ್ದೂ ಅಲ್ಲಿಯೇ ಇದೆ. ದಶಾಂಶ ಒಂದಕ್ಕೆ ದಶಾಂಶ ಎರಡನ್ನು ಕೂಡಿಸೆಂದರೆ ಅನೇಕ ಭಾಷೆಗಳಲ್ಲಿ ಯಂತ್ರವು 0.3 ಎನ್ನದೆ 0.30000000000000004 ಎನ್ನುತ್ತದೆ, ಅದು ಹತ್ತರ ಬದಲು ಎರಡರ ಮಾನದಲ್ಲಿ ಎಣಿಸುವುದೇ ಇದಕ್ಕೆ ಕಾರಣ. ಇನ್ನೊಂದು: ಒಂದು ಸಂಖ್ಯೆಯ ವರ್ಗಕ್ಕೆ ಆ ಸಂಖ್ಯೆಯನ್ನೂ 41ನ್ನೂ ಕೂಡಿಸಿರಿ. ಸೊನ್ನೆಯಿಂದ 39ರವರೆಗೆ ಯಾವ ಸಂಖ್ಯೆಯನ್ನಿಟ್ಟರೂ ಅವಿಭಾಜ್ಯ ಸಂಖ್ಯೆಯೇ ಬರುತ್ತದೆ. ನಲವತ್ತು ಸಲ ಸರಿಯಾದುದು ಮುಂದೆಯೂ ಸರಿಯೆಂದು ಯಾರಿಗಾದರೂ ತೋರಬಹುದು. 40ನ್ನು ಇಟ್ಟರೆ 1681. ಅದು 41ರ ವರ್ಗ! ಅನೇಕ ಸಲ ನೋಡುವುದು ಬೇರೆ, ಸಾಧಿಸುವುದು ಬೇರೆ ಎಂಬ ತತ್ತ್ವವನ್ನು ಇದಕ್ಕಿಂತ ಚೆನ್ನಾಗಿ ಯಾವ ಉಪನ್ಯಾಸವು ಕಲಿಸೀತು? ಯಂತ್ರವು ಊಹೆಯನ್ನು ಹುಟ್ಟಿಸಲಿ. ಸಾಧನೆಯನ್ನು ಮಗುವು ಹಲಗೆಯ ಮೇಲೆ ತಾನೇ ಬರೆಯಲಿ.

ಮೂರನೆಯದು ಇಂಗ್ಲಿಷಿನ ಭಯ. ಇಂದು ಬಹಳವಾಗಿ ಬಳಕೆಯಲ್ಲಿರುವ ‘ಪೈಥಾನ್’ ಭಾಷೆಯಲ್ಲಿ ಆಜ್ಞಾಪದಗಳು ಇಂಗ್ಲಿಷಿನವಾದರೂ, ಚರಗಳ ಹೆಸರನ್ನು ಕನ್ನಡದಲ್ಲಿಯೇ ಇಡಬಹುದು. ಸಾಲ, ಬಡ್ಡಿ, ಮೊತ್ತ, ತಿಂಗಳು ಎಂದು ಕನ್ನಡ ಲಿಪಿಯಲ್ಲಿ ಬರೆದರೆ ಯಂತ್ರವು ಚಕಾರವೆತ್ತದು. ಕನ್ನಡದ ಅಂಕಿಗಳಲ್ಲಿ ಬರೆದ ಸಂಖ್ಯೆಯನ್ನೂ ಅದು ಓದಿ ಅರ್ಥಮಾಡಿಕೊಳ್ಳಬಲ್ಲುದು. ಇಂಗ್ಲಿಷಿನ ಹತ್ತು ಹದಿನೈದು ಆಜ್ಞಾಪದಗಳನ್ನು ಕಲಿಯುವುದು ಬಸ್ಸಿನ ಬೋರ್ಡು ಓದಲು ಕಲಿತವನಿಗೆ ಭಾರವಲ್ಲ. ಯಂತ್ರಕ್ಕೆ ಕನ್ನಡ ಬರುತ್ತದೆ. ಅದಕ್ಕೆ ಕನ್ನಡದಲ್ಲಿ ಪಾಠ ಬರೆದುಕೊಡುವವರು ಬೇಕಾಗಿದ್ದಾರೆ. ಕನ್ನಡವನ್ನು ಐಚ್ಛಿಕವಾಗಿ ಓದುವ ನಮ್ಮ ಮಿತ್ರರಿಗೆ ಇದಕ್ಕಿಂತ ಒಳ್ಳೆಯ ಕೆಲಸವುಂಟೆ?

ಕಡೆಯದು ಹೊಸ ಆಕ್ಷೇಪ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಯಂತ್ರಗಳೇ ಪ್ರೋಗ್ರಾಮು ಬರೆಯತೊಡಗಿವೆ. ಇನ್ನು ಮಕ್ಕಳೇಕೆ ಕಲಿಯಬೇಕು? ಲೋಕದಲ್ಲಿ ಅಡಿಗೆಯವರಿದ್ದಾರೆಂದು ನಾವು ಊಟ ಮಾಡುವುದನ್ನು ಬಿಡುವುದಿಲ್ಲ. ಮಕ್ಕಳು ಪ್ರೋಗ್ರಾಮು ಬರೆಯಬೇಕಾದುದು ಜಗತ್ತಿಗೆ ಪ್ರೋಗ್ರಾಮುಗಳ ಕೊರತೆಯಿರುವುದರಿಂದಲ್ಲ. ಬರೆಯುವಾಗ ಅವರ ತಲೆಯಲ್ಲಿ ಗಣಿತವು ನೆಲೆಗೊಳ್ಳುವುದರಿಂದ. ಈ ಕಾರಣಕ್ಕಾಗಿಯೇ ಇದನ್ನು ಉದ್ಯೋಗದ ತರಬೇತಿಯೆಂದು ಸಾರುವವರ ಮಾತನ್ನು ನಾನು ಒಪ್ಪಲಾರೆ.

ಕೊರತೆಗಳು ನನಗೆ ತಿಳಿಯದವಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆಯು ಶೇಕಡಾ 52ರಷ್ಟಿದ್ದು, ರಾಜ್ಯದಲ್ಲಿಯೇ ಕಡೆಯದಾಗಿತ್ತು; ರಾಜ್ಯದ ಸರಾಸರಿಯು ಶೇಕಡಾ 75ನ್ನು ದಾಟಿತ್ತು. ಅಕ್ಷರವೇ ಬಾರದವರಿಗೆ ಗಣಕಯಂತ್ರವೇ ಎಂದು ನಗುವವರಿದ್ದಾರೆ. ಹಿಂದುಳಿದವನಿಗೆ ಹಿಂದಿನ ಕಾಲದ ಉಪಕರಣವೇ ಸಾಕೆಂಬುದು ಯಾವ ನ್ಯಾಯ? ಕಾಲುವೆಯ ನೀರು ತುದಿಯ ಹೊಲಕ್ಕೆ ತಲುಪದಿದ್ದರೆ, ಆ ಹೊಲಕ್ಕೆ ನೀರೇ ಬೇಡವೆಂದು ನಾರಾಯಣಪುರ ಜಲಾಶಯದ ಅಚ್ಚುಕಟ್ಟಿನ ಯಾವ ರೈತನೂ ಒಪ್ಪುವುದಿಲ್ಲ. ಸಂವಿಧಾನದ 371ಜೆ ವಿಧಿಯಿಂದ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ದೊರೆತಿದೆ. ಅದರಿಂದ ಸೀಟು, ನೌಕರಿಗಳಲ್ಲಿ ಮೀಸಲಾತಿ ಬಂದಿದೆ. ಆ ಸೀಟಿನವರೆಗೆ ಹೋಗುವ ದಾರಿಯಲ್ಲಿ ಗಣಿತದ ಹೊಸ್ತಿಲನ್ನೇ ದಾಟದವನಿಗೆ ಮೀಸಲಾತಿಯು ದೂರದ ದೀಪ.

ಆಗಬೇಕಾದುದು ದೊಡ್ಡ ಕೆಲಸವೇನೂ ಅಲ್ಲ. ಬೀಗ ಹಾಕಿದ ಕೋಣೆಯ ಯಂತ್ರಗಳಲ್ಲಿ ಒಂದನ್ನಾದರೂ ಗಣಿತದ ತರಗತಿಗೆ ತರಬೇಕು. ವಾರಕ್ಕೆ ಒಂದು ಗಣಿತದ ಅವಧಿಯನ್ನು ಅದಕ್ಕೆ ಮೀಸಲಿಟ್ಟು, ಮಕ್ಕಳು ಮೂವರು ಮೂವರಾಗಿ ಕೂತು ಮೊದಲು ಕಾಗದದ ಮೇಲೆ ಕ್ರಮವನ್ನು ಕನ್ನಡದಲ್ಲಿ ಬರೆದು, ಅನಂತರ ಯಂತ್ರಕ್ಕೆ ಹೇಳಬೇಕು. ಕರೆಂಟು ಹೋದ ದಿನ ಕಾಗದದ ಕೆಲಸವಿದ್ದೇ ಇರುತ್ತದೆ. ಬಿ.ಎಡ್. ಶಿಕ್ಷಣದಲ್ಲಿ ಗಣಿತದ ಬೋಧನಕ್ರಮದೊಳಗೇ ಇದು ಸೇರಬೇಕು. ನಮ್ಮ ಕಾಲೇಜಿನ ಗಣಕಯಂತ್ರಗಳು ಶನಿವಾರ ಮಧ್ಯಾಹ್ನ ಬಿಡುವಾಗಿರುತ್ತವೆ. ಅಧ್ಯಾಪಕರು ಅನುಮತಿಯಿತ್ತರೆ ಸುತ್ತಲಿನ ಶಾಲೆಯ ಮಕ್ಕಳನ್ನು ಕರೆತಂದು ಕೂಡಿಸುವ ಹೊಣೆಯನ್ನು ನಾವು ವಿದ್ಯಾರ್ಥಿಗಳು ಹೊರಬಹುದು.

ಮಿತ್ರರೇ, ಈ ವರ್ಷ ಕಾಲೇಜು ಬಿಡುವ ನಮ್ಮಲ್ಲಿ ಎಷ್ಟೋ ಮಂದಿ ಮುಂದೆ ಇವೇ ಹಳ್ಳಿಗಳಲ್ಲಿ ಮಾಸ್ತರರೂ ಅಕ್ಕೋರುಗಳೂ ಆಗುವವರು. ಹಳ್ಳಿಯ ಶಾಲೆಯಲ್ಲಿ ಕನ್ನಡ ಹೇಳುವವರೇ ಲೆಕ್ಕವನ್ನೂ ಹೇಳಬೇಕಾದ ಪ್ರಸಂಗವು ಬಾರದಿರದು. ಆಗ ನಮಗೆ ಗಣಿತವು ಬಾರದೆಂದು ಮುಂದಿನವರಿಗೂ ಆ ಭಯವನ್ನೇ ಆಸ್ತಿಯಾಗಿ ದಾಟಿಸುವುದೋ, ಅಥವಾ ಮಕ್ಕಳೊಡನೆ ಕುಳಿತು ಆಮೆಯನ್ನು ನಡೆಸುತ್ತ ನಾವೂ ಕಲಿಯುವುದೋ ಎಂಬುದನ್ನು ಈಗಲೇ ಯೋಚಿಸಬೇಕು. ಮಹಾವೀರಾಚಾರ್ಯನ ಸೀಮೆಯಲ್ಲಿ ಹುಟ್ಟಿದ ಮಕ್ಕಳು ಗಣಿತಕ್ಕೆ ಹೆದರಿ ಓಡುವುದು ನಮಗಾರಿಗೂ ಶೋಭಿಸದು. ಕಡಲೆಯು ಕಬ್ಬಿಣವಲ್ಲ, ನೆನೆಹಾಕಿ ಕೊಡುವವರು ಬೇಕು, ಅಷ್ಟೆ.